ಭವನ ಯಾರಿಗಾಗಿ?

ನಿಮ್ಮ ಧರ್ಮಕೇಂದ್ರದ ಸಮುದಾಯ ಭವನ ಯಾರ ಹಣದಿಂದ ಎದ್ದಿತೆಂಬುದು ನೆನಪಿದೆಯೇ? ಮನೆಮನೆಯ ಚಂದಾ, ಹಬ್ಬದ ದಿನದ ಹರಾಜು, ಭಾನುವಾರದ ವಿಶೇಷ ಕಾಣಿಕೆ, ಇವೇ ಅದರ ಇಟ್ಟಿಗೆಗಳು. ಇಂದು ಅದರ ಬಾಗಿಲಲ್ಲಿ ದರಪಟ್ಟಿ ತೂಗುತ್ತಿದೆ. ಕಂಪನಿಗಳ ಸಮ್ಮೇಳನಕ್ಕೆ ಇಷ್ಟು, ಆರತಕ್ಷತೆಗೆ ಇಷ್ಟು. ಧ್ವನಿವರ್ಧಕಕ್ಕೆ ಬೇರೆ, ಜನರೇಟರಿಗೆ ಬೇರೆ.

ಬಾಡಿಗೆ ಪಡೆಯುವುದೇ ಪಾಪವೆಂದು ನಾನು ಹೇಳಲಾರೆ. ವಿದ್ಯುತ್ ಬಿಲ್ಲನ್ನು ಭಕ್ತಿಯೊಂದೇ ಕಟ್ಟುವುದಿಲ್ಲ. ಆದರೆ ಕಂಪನಿಯೊಂದು ಮುಂಗಡ ಕೊಟ್ಟಿದೆಯೆಂಬ ಕಾರಣಕ್ಕೆ, ಅದೇ ಧರ್ಮಕೇಂದ್ರದ ಕೂಲಿಕಾರ ಕುಟುಂಬವೊಂದು ಮಗಳ ಮದುವೆಯೂಟವನ್ನು ಬೀದಿಯಲ್ಲಿ ಶಾಮಿಯಾನ ಹಾಕಿ ಬಡಿಸಿದ್ದನ್ನು ಕಂಡಿದ್ದೇನೆ. ಮಳೆ ಬರಲಿಲ್ಲ, ಅಷ್ಟೇ ಪುಣ್ಯ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1983ರ ಸಂಹಿತೆಯ 1254ನೇ ವಿಧಿಯು ಧರ್ಮಸಭೆ ಆಸ್ತಿ ಹೊಂದುವ ಮುಖ್ಯ ಉದ್ದೇಶಗಳನ್ನು ಹೆಸರಿಸುತ್ತದೆ: ದೈವಾರಾಧನೆ, ಗುರುಗಳ ಹಾಗೂ ಇತರ ಸೇವಕರ ಯೋಗ್ಯ ಪೋಷಣೆ, ಪ್ರೇಷಿತ ಕಾರ್ಯ ಮತ್ತು ದಾನಧರ್ಮ, ವಿಶೇಷವಾಗಿ ಬಡವರಿಗೆ. ಲಾಭವೆಂಬುದು ಆ ಸಾಲಿನಲ್ಲಿಲ್ಲ. ಸರ್ಕಾರಕ್ಕೂ ಈ ವ್ಯತ್ಯಾಸ ತಿಳಿದಿದೆ! 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ನೋಂದಾಯಿತ ಧಾರ್ಮಿಕ ಸಂಸ್ಥೆಗಳ ಸಾರ್ವಜನಿಕ ಪೂಜಾಸ್ಥಳದ ಆವರಣದ ಬಾಡಿಗೆಗೆ ವಿನಾಯಿತಿ ದೊರೆಯಿತು. ಆದರೆ ಸಮುದಾಯ ಭವನದ ಬಾಡಿಗೆ ದಿನಕ್ಕೆ 10,000 ರೂಪಾಯಿ ಮುಟ್ಟಿದರೆ ಆ ವಿನಾಯಿತಿ ಇಲ್ಲ. ತೆರಿಗೆ ಅಧಿಕಾರಿಗೆ ಕಾಣುವ ಗೆರೆ ನಮ್ಮ ಪಾಲನಾ ಸಮಿತಿಗಳಿಗೆ ಕಾಣದೆ ಹೋಯಿತೇ?

"ಈ ಹಣವೆಲ್ಲ ಬಡವರ ಸೇವೆಗೇ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಒಳ್ಳೆಯದು, ಲೆಕ್ಕ ತೋರಿಸಿರಿ. ಭಕ್ತರು ಅರ್ಪಿಸಿದ ಸ್ವತ್ತಿನ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು ಅದೇ ಸಂಹಿತೆಯ 1287ನೇ ವಿಧಿ ಹೇಳುತ್ತದೆ. ಎಷ್ಟು ಧರ್ಮಕೇಂದ್ರಗಳ ಫಲಕದಲ್ಲಿ ನೀವು ಭವನದ ಆದಾಯವನ್ನು ಓದಿದ್ದೀರಿ?

ಕಡೆಯ ಭೋಜನವೂ ಬೇರೊಬ್ಬರ ಕೋಣೆಯಲ್ಲೇ ನಡೆಯಿತಲ್ಲವೇ! ಸಜ್ಜುಗೊಳಿಸಿದ ಆ ಮೇಲಂತಸ್ತನ್ನು ಪ್ರಭುವಿಗೆ ಬಿಟ್ಟುಕೊಟ್ಟ ಮನೆಯೊಡೆಯನ ಹೆಸರನ್ನು ಶುಭಸಂದೇಶಕಾರರು ಬರೆದಿಡಲಿಲ್ಲ. ಅವನು ಮುಂಗಡ ಕೇಳಿದನೆಂದೂ ಬರೆಯಲಿಲ್ಲ. ಔತಣಕ್ಕೆ ಸಿರಿವಂತ ನೆರೆಹೊರೆಯವರ ಬದಲು ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಬೇಕೆಂಬ ಪ್ರಭುವಿನ ಬೋಧನೆ ಸಂತ ಲೂಕರ 14ನೇ ಅಧ್ಯಾಯದಲ್ಲಿದೆ. ಅದನ್ನು ನಾವು ದೇವಾಲಯದಲ್ಲಿ ಆಲಿಸುತ್ತೇವೆ, ಪಕ್ಕದ ಭವನದಲ್ಲಿ ಮರೆಯುತ್ತೇವೆ.

ಆದುದರಿಂದ ಮುಂದಿನ ಸಭೆಯಲ್ಲಿ ಎದ್ದು ನಿಂತು ಭವನದ ಕಾಯ್ದಿರಿಸುವಿಕೆಯ ಪುಸ್ತಕವನ್ನು ಕೇಳಿರಿ. ಕಳೆದ ವರ್ಷದ ಎಷ್ಟು ದಿನಗಳು ಕಂಪನಿಗಳಿಗೆ ಹೋದವು, ಎಷ್ಟು ದಿನಗಳು ಧರ್ಮಕೇಂದ್ರದ ಬಡ ಮನೆಗಳಿಗೆ ಉಚಿತವಾಗಿ ದೊರೆತವು, ಎಣಿಸಿ ನೋಡಿರಿ.