ಫ್ಲೋರೈಡ್ ನೀರಿಗೆ ಕರೆಂಟಿನ ಮದ್ದು: ಯಂತ್ರ ಬಂದರೆ ಸಾಕೇ?

ಪಾವಗಡ, ಮಡಕಶಿರಾ, ರಾಯದುರ್ಗ. ನಡುವೆ ರಾಜ್ಯದ ಗಡಿ ಇದೆ, ಆದರೆ ಬೋರ್‌ವೆಲ್ ನೀರಿನ ಕಥೆ ಎರಡೂ ಕಡೆ ಒಂದೇ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಗ್ಗಲಾರದ ಬೆನ್ನು, ಮಡಚಲಾರದ ಮಂಡಿ ಈ ಭಾಗದ ಓದುಗರಿಗೆ ಹೊಸದಲ್ಲ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ಕಾಯಿಲೆ ದಾಖಲಾದದ್ದು 1937ರಲ್ಲಿ. ಅಷ್ಟು ಹಳೆಯ ಸಮಸ್ಯೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅವಕಾಶವಿದೆ ಎನ್ನುತ್ತದೆ ಭಾರತೀಯ ಮಾನದಂಡ. ಇದು ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಕುದಿಸಿದರೂ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಆದ್ದರಿಂದ ಮೊದಲ ಕೆಲಸ ಅಳೆಯುವುದು. ಹಳ್ಳಿಗಳಲ್ಲಿ ಬಳಸುವ ಕಿಟ್ ಬಣ್ಣ ನೋಡಿ ಅಂದಾಜು ಹೇಳುತ್ತದೆ. ನಿಖರವಾಗಿ ಹೇಳುವುದು ಪ್ರಯೋಗಾಲಯದ ಫ್ಲೋರೈಡ್ ಎಲೆಕ್ಟ್ರೋಡ್. 1966ರಲ್ಲಿ ಬೆಳಕಿಗೆ ಬಂದ ಈ ಸಾಧನದ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡ್ ಹರಳು ಇರುತ್ತದೆ. ನೀರಿಗೆ ಅದ್ದಿದಾಗ ಹುಟ್ಟುವ ವೋಲ್ಟೇಜ್ ನೋಡಿ ಫ್ಲೋರೈಡ್ ಎಷ್ಟೆಂದು ಲೆಕ್ಕ ಹಾಕುತ್ತಾರೆ.

ಎರಡನೆಯದು ತೆಗೆಯುವುದು. ನಾಗಪುರದ ನೀರಿ ಸಂಸ್ಥೆ ಹಿಂದೆ ಪಟಿಕ, ಸುಣ್ಣ ಬಳಸುವ ನಲಗೊಂಡ ವಿಧಾನವನ್ನು ಕೊಟ್ಟಿತ್ತು. ಅದೇ ಸಂಸ್ಥೆ ಸೌರ ವಿದ್ಯುತ್ತಿನಿಂದ ನಡೆಯುವ ಘಟಕವನ್ನೂ ರೂಪಿಸಿದೆ. ನೀರಿನಲ್ಲಿ ಅಲ್ಯೂಮಿನಿಯಂ ತಗಡುಗಳನ್ನು ಇಳಿಬಿಟ್ಟು ಡಿ.ಸಿ. ಕರೆಂಟ್ ಹರಿಸುತ್ತಾರೆ. ತಗಡು ಸವೆದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಬಿಳಿ ರಾಡಿ ಉಂಟಾಗುತ್ತದೆ. ಫ್ಲೋರೈಡ್ ಅದಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಮೇಲಿನ ನೀರನ್ನು ಸೋಸಿ ಕೊಡುತ್ತಾರೆ. ಪಟಿಕದ ಮೂಟೆ ತರಿಸುವ ಚಿಂತೆ ಇಲ್ಲ. ಆರ್.ಓ. ಘಟಕದ ಹಾಗೆ ಪೈಪಿನಲ್ಲಿ ನೀರು ಚರಂಡಿಗೆ ಹರಿದು ಹೋಗುವುದಿಲ್ಲ. ಬರಗಾಲದ ಊರಿಗೆ ಇದು ಸಣ್ಣ ಮಾತಲ್ಲ.

ಆದರೆ ಯಂತ್ರ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸವೆದ ತಗಡನ್ನು ಬದಲಿಸಬೇಕು. ಅದರ ಮೇಲೆ ಪದರ ಕಟ್ಟಿದರೆ ಕರೆಂಟ್ ಸರಿಯಾಗಿ ಹರಿಯದು, ಉಜ್ಜಿ ತೆಗೆಯಬೇಕು. ಸೋಸಿದ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯದಂತೆ ನೋಡಿಕೊಳ್ಳಬೇಕು. ರಾಡಿಯನ್ನು ಕೆರೆ ದಂಡೆಗೆ ಸುರಿದರೆ ತೆಗೆದ ಫ್ಲೋರೈಡನ್ನು ಮತ್ತೆ ನಾವೇ ಊರಿಗೆ ಕರೆದಂತೆ.

2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಮನೆಮನೆಗೆ ನಲ್ಲಿ ತರುವ ಯೋಜನೆ. ನಲ್ಲಿಗೆ ಬರುವುದು ಹಳೆಯ ಬೋರಿನ ನೀರೇ ಆದರೆ ಫ್ಲೋರೈಡೂ ಒಳಮನೆಗೇ ಬಂತು. ಶಾಶ್ವತ ಪರಿಹಾರ ದೂರದಿಂದಾದರೂ ಬರುವ ನದಿ ನೀರೇ. ಅದು ಬರುವವರೆಗೆ ಕುಡಿಯಲು, ಅಡುಗೆಗೆ ಬೇಕಾದಷ್ಟನ್ನು ಶುದ್ಧಗೊಳಿಸಲು ಇಂಥ ಘಟಕ ಸಾಕು.

ಹಾಗಾಗಿ ಗ್ರಾಮಸಭೆಯಲ್ಲಿ ಸರಪಂಚರನ್ನು ಕೇಳಬೇಕಾದ ಪ್ರಶ್ನೆ ಯಂತ್ರದ ಬೆಲೆಯೊಂದೇ ಅಲ್ಲ. ತಗಡು ಬದಲಿಸುವವರು ಯಾರು? ರಾಡಿ ಎಲ್ಲಿಗೆ ಹೋಗುತ್ತದೆ? ಮಳೆಗಾಲದ ಮುಂಚೆ ಮತ್ತು ನಂತರದ ಪರೀಕ್ಷಾ ವರದಿಯನ್ನು ತೆಲುಗು, ಕನ್ನಡ ಎರಡರಲ್ಲೂ ಟ್ಯಾಂಕಿನ ಗೋಡೆಗೆ ಬರೆಸುತ್ತಾರೆಯೇ? ಉತ್ತರ ಸಿಕ್ಕ ಮೇಲೆ ಯಂತ್ರ ಬರಲಿ.