ಇಂಟರ್ವಲ್‌ನಲ್ಲೇ ‘ಶುಭಂ’ ಅನ್ನಬೇಡಿ!

ಇಂಗ್ಲಿಷ್ ಚಿತ್ರಗಳ ಹುಚ್ಚಿರುವ ಗೆಳೆಯರಿಗೆ ಚಾರ್ಲಿ ಶೀನ್ ಗೊತ್ತೇ ಇರ್ತಾನೆ. ‘ಪ್ಲಟೂನ್’ (1986), ‘ವಾಲ್ ಸ್ಟ್ರೀಟ್’ (1987) ಚಿತ್ರಗಳ ಹೀರೋ. 2015ರ ನವೆಂಬರ್ 17ರಂದು ಈತ ಅಮೆರಿಕದ ಟಿ.ವಿ.ಯಲ್ಲಿ ಕೂತು, ‘ನನಗೆ ಎಚ್.ಐ.ವಿ. ಇದೆ’ ಅಂದುಬಿಟ್ಟ! ಗುಟ್ಟು ರಟ್ಟಾಗದಿರಲಿ ಅಂತ ಕಂಡಕಂಡವರಿಗೆ ಡಾಲರ್ ಸುರಿದದ್ದನ್ನೂ ಹೇಳಿದ. ಆ ಒಂದೇ ವಾರದಲ್ಲಿ ಅಲ್ಲಿ ‘ಓರಾಕ್ವಿಕ್’ ಎಂಬ ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷಾ ಕಿಟ್‌ನ ಮಾರಾಟ ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ಕಿಟ್ ಒಳ್ಳೆಯದೇ. 2012ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟದ್ದು. ಸೂಜಿ ಇಲ್ಲ, ರಕ್ತ ಇಲ್ಲ. ಕಡ್ಡಿಯಿಂದ ಮೇಲಿನ ವಸಡು ಒಮ್ಮೆ, ಕೆಳಗಿನ ವಸಡು ಒಮ್ಮೆ ಸವರಿ ದ್ರವದ ಸೀಸೆಯಲ್ಲಿ ನಿಲ್ಲಿಸಬೇಕು. 20 ನಿಮಿಷ ಕಾಯಬೇಕು, 40 ನಿಮಿಷದೊಳಗೆ ನೋಡಿಬಿಡಬೇಕು. ‘ಸಿ’ ಹತ್ತಿರ ಮಾತ್ರ ಗೆರೆ ಬಂದರೆ ನೆಗೆಟಿವ್. ‘ಟಿ’ ಹತ್ತಿರವೂ ಬಂದರೆ, ಎಷ್ಟೇ ಮಸುಕಾಗಿರಲಿ, ಪಾಸಿಟಿವ್ ಇರಬಹುದು. ‘ಸಿ’ ಗೆರೆಯೇ ಬರಲಿಲ್ಲವೋ, ಆ ಕಿಟ್ ಕೆಟ್ಟಿದೆ, ಲೆಕ್ಕಕ್ಕಿಲ್ಲ.

ಈಗ ಒಬ್ಬ ತಮ್ಮನ ಕಾಗದಕ್ಕೆ ಬರೋಣ. ಹೆಸರೂ ಇಲ್ಲ, ಊರೂ ಇಲ್ಲ. “ಅಣ್ಣಾ, ಹತ್ತು ದಿನದ ಹಿಂದೆ ಲಾಡ್ಜಿಗೆ ಹೋಗಿದ್ದೆ. ನಿರೋಧ್ ಇರ್ಲಿಲ್ಲ. ಫಾರಿನ್‌ನಿಂದ ಬಂದ ಗೆಳೆಯ ಇಂಥ ಕಿಟ್ ಕೊಟ್ಟ. ನೆಗೆಟಿವ್ ಬಂತು. ಬರೋ ತಿಂಗಳು ಮದುವೆ. ಧೈರ್ಯವಾಗಿ ತಾಳಿ ಕಟ್ಟಬಹುದಲ್ವಾ?”

ಇಲ್ಲ ತಮ್ಮಾ, ಇಲ್ಲ! ನೀನು ಇಂಟರ್ವಲ್‌ಗೂ ಮುಂಚೆ ಎದ್ದು ಬಂದು ಕಥೆ ಮುಗೀತು ಅಂತಿದ್ದೀಯ.

ಆ ಕಡ್ಡಿ ವೈರಸ್ಸನ್ನು ಹುಡುಕೋದಿಲ್ಲ. ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತೆ. ಅವು ಹುಟ್ಟಿ ಕಡ್ಡಿಗೆ ಸಿಗುವಷ್ಟಾಗಲು ವಾರಗಟ್ಟಲೆ ಬೇಕು. ಅದಕ್ಕೇ ಈ ಕಿಟ್‌ಗೆ ಮೂರು ತಿಂಗಳ ಗಡುವು. ಹತ್ತನೇ ದಿನದ ನೆಗೆಟಿವ್‌ಗೆ ಬೆಲೆಯೇ ಇಲ್ಲ. ಇನ್ನೂ ಒಂದು ಮಾತು: ಜನ ತಾವೇ ಮಾಡಿಕೊಂಡಾಗ ಸೋಂಕಿರುವ 100 ಮಂದಿಯಲ್ಲಿ ಈ ಕಿಟ್ ಹಿಡಿದದ್ದು ಸುಮಾರು 92 ಮಂದಿಯನ್ನು. ಉಳಿದವರು ‘ಬಚಾವಾದೆ’ ಅಂದುಕೊಂಡೇ ಮನೆಗೆ ಹೋದರು!

ಪಾಸಿಟಿವ್ ಬಂದರೂ ಅಷ್ಟೇ, ಅದು ತೀರ್ಪಲ್ಲ. ಅಪರೂಪಕ್ಕೆ ಸುಳ್ಳು ಪಾಸಿಟಿವ್ ಕೂಡ ಬರುತ್ತೆ. ಕತ್ತಲ ಕೋಣೆಯಲ್ಲಿ ಒಬ್ಬನೇ ಕೂತು ದುಡುಕಬೇಡ. ನಮ್ಮ ದೇಶದಲ್ಲಿ ಬೇರೆಬೇರೆ ಮೂರು ರಕ್ತಪರೀಕ್ಷೆ ಮಾಡಿಯೇ ಖಾತ್ರಿಪಡಿಸೋದು.

ಹಾಗಾದ್ರೆ ಏನು ಮಾಡಬೇಕು? ಸರ್ಕಾರಿ ಜಿಲ್ಲಾಸ್ಪತ್ರೆಯ ಐ.ಸಿ.ಟಿ.ಸಿ.ಗೆ ನಾಳೆಯೇ ಹೋಗು. ಪರೀಕ್ಷೆ ಪುಕ್ಕಟೆ. ಗುಟ್ಟು ಕಾಪಾಡಬೇಕೆಂದು 2017ರ ಕಾಯ್ದೆಯೇ ಇದೆ. ಈಗೊಮ್ಮೆ, ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ. ಅಲ್ಲಿಯವರೆಗೆ ಮದುವೆ ಮುಂದಕ್ಕೆ ಹಾಕು. ಛತ್ರದ ಅಡ್ವಾನ್ಸ್ ಹೋದರೆ ಹೋಗಲಿ, ಏನೂ ಅರಿಯದ ಆ ಹುಡುಗಿಯ ಬಾಳು ಅದಕ್ಕಿಂತ ದೊಡ್ಡದು. ಮನೆಯವರಿಗೆ ಹೇಗೆ ಹೇಳೋದು ಅಂತ ಅಲ್ಲಿನ ಕೌನ್ಸೆಲರ್ ಜೊತೆ ಕೂತು ಮಾತಾಡು.

ಉಳಿದ ಗೆಳೆಯರೂ ಕೇಳಿ. ಇಂಥದ್ದು ನಡೆದ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿದರೆ 28 ದಿನದ ಮಾತ್ರೆಯಿಂದ ಸೋಂಕನ್ನು ತಡೆಯುವ ಅವಕಾಶವಿದೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೇದು. ಕಿಟ್ ತಂದು ಪ್ರೇಯಸಿಗೋ ರೂಂಮೇಟ್‌ಗೋ ‘ಮಾಡ್ಕೋ’ ಅಂತ ಬಲವಂತ ಮಾಡಬೇಡಿ, ಅದು ಅವರವರ ಇಷ್ಟ.

ಸೋಂಕು ಇದೆ ಅಂತ ಖಾತ್ರಿಯಾದರೂ ಬಾಳು ಮುಗಿಯಲಿಲ್ಲ. 2004ರಿಂದ ಸರ್ಕಾರ ಎ.ಆರ್.ಟಿ. ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿ, ಹಾಗೇ ಉಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡೋದಿಲ್ಲ. ಮದುವೆ, ಮಕ್ಕಳು ಎಲ್ಲಾ ಉಂಟು.

ಅನುಮಾನವಿದ್ದವರು 1097ಕ್ಕೆ ಫೋನ್ ಮಾಡಿ. ಹೆಸರು ಹೇಳಬೇಕಿಲ್ಲ, ಕಾಸೂ ಖರ್ಚಿಲ್ಲ.