ತೊಗಟೆಯೊಳಗಣ ದಾರಿ

ಸಸ್ಯಶಾಸ್ತ್ರದ ಪಾಠಗಳೊಳಗೆ ಅತಿ ಸುಲಭವಾಗಿ ಕಂಠಪಾಠವಾಗುವದೂ ಅತಿ ಬೇಗನೆ ಮರೆತುಹೋಗುವದೂ ಗಿಡದ ಅಂಗಾಂಶಗಳ ಪಾಠವೇ ಎಂದು ನಮಗೆ ತೋರುತ್ತದೆ. ನೀರನ್ನು ಒಯ್ಯುವದು ಕ್ಸೈಲಂ, ಆಹಾರವನ್ನು ಒಯ್ಯುವದು ಫ್ಲೋಯಂ ಎಂದು ಒಪ್ಪಿಸಲಾರದ ಬಾಲಿಕೆಯಿಲ್ಲ. ಆದರೆ ಈ ಎರಡನೆಯದರ ಕೆಲಸವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ?

ಮೊದಲನೆಯದನ್ನು ತೋರಿಸುವದು ಕಷ್ಟವಲ್ಲ. ಕರ್ಣಕುಂಡಲದ ಕಾಂಡವನ್ನು ಕೆಂಪು ಮಸಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿ ಅದರೊಳಗೆ ಕೆಂಪು ಗೆರೆಗಳು ಏರುವವು. ಆ ನಾಳಗಳು ಸತ್ತ ಕೋಶಗಳಿಂದಾದ ಟೊಳ್ಳು ಕೊಳವೆಗಳು. ಎಲೆಗಳಿಂದ ನೀರು ಆವಿಯಾಗಿ ಹೋದಂತೆ, ಕೆಳಗಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ಇಂಗ್ಲೆಂಡಿನಲ್ಲಿ ಸಭಾಪಾಲಕರಾಗಿದ್ದ ಸ್ಟೀಫನ್ ಹೇಲ್ಸರು ಸೂರ್ಯಕಾಂತಿಯ ಗಿಡವನ್ನು ಕುಂಡದ ಸಮೇತ 15 ದಿನ ಬೆಳಿಗ್ಗೆ ಸಂಜೆ ತೂಗಿ, ಅದು ಹೊರಬಿಡುವ ನೀರಿನ ಲೆಕ್ಕವನ್ನು 1727ರಲ್ಲಿಯೇ ಪ್ರಕಟಿಸಿದ್ದರು. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಒಂದು ತಕ್ಕಡಿ.

ಫ್ಲೋಯಂ ಹಾಗಲ್ಲ. ಅದು ಜೀವವುಳ್ಳ ಕೋಶಗಳ ದಾರಿ. ಎಲೆಯಲ್ಲಿ ಹುಟ್ಟಿದ ಸಕ್ಕರೆಯನ್ನು ಬೇರಿಗೂ ಚಿಗುರಿಗೂ ಕಾಯಿಗೂ ಮುಟ್ಟಿಸುತ್ತದೆ. ಒಂದು ತಾಸಿನ ಪಾಠದಲ್ಲಿ ಅದರ ಕೆಲಸವು ಕಾಣಿಸದು. ಆದಕಾರಣ ಹಲಗೆಯ ಮೇಲಿನ ಚಿತ್ರದಲ್ಲಿಯೇ ಅದು ಮುಗಿದುಹೋಗುತ್ತದೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯವು. ಯಾಕಂದರೆ ಮನೆಯಂಗಳದಲ್ಲಿ ನಮ್ಮ ಕೈಯಿಂದ ಹೆಚ್ಚಾಗಿ ಕೆಡುವದು ಈ ದಾರಿಯೇ. ಮಾವು, ಸೀಬೆ, ಹಲಸು ಮೊದಲಾದ ಮರಗಳಲ್ಲಿ ಅದು ತೊಗಟೆಯ ಒಳಮೈಯಲ್ಲಿದೆ. ಬಟ್ಟೆ ಹರವಲು ಬಿಗಿದ ತಂತಿಯನ್ನು ವರ್ಷಗಟ್ಟಲೆ ಬಿಚ್ಚದಿದ್ದರೆ, ಮರವು ದಪ್ಪವಾದಂತೆಲ್ಲಾ ತಂತಿಯು ತೊಗಟೆಯೊಳಗೆ ಇಳಿಯುವದು. ಅದರ ಮೇಲ್ಗಡೆ ಉಬ್ಬು ಏಳುವದು. ನೀರಿನ ದಾರಿ ಒಳಗೆ ತೆರೆದೇ ಇರುವದರಿಂದ ಎಲೆಗಳು ಬಹುಕಾಲ ಹಸುರಾಗಿರುತ್ತವೆ, ಯಾರೂ ಗಮನಿಸರು. ಬೇರುಗಳು ಮಾತ್ರ ಉಪವಾಸದಿಂದ ಸಾಯುತ್ತಿರುವವು. ಮರವೆಲ್ಲಾ ಬಾಡಿದ ಮೇಲೆ ಕೊಡಗಟ್ಟಲೆ ನೀರು ಹೊಯ್ದು ಫಲವೇನು? (ತೆಂಗಿನ ಮರದ ಮಾತು ಬೇರೆ. ಅದರ ನಾಳಗಳು ಕಾಂಡದಲ್ಲೆಲ್ಲಾ ಚದರಿಕೊಂಡಿವೆ. ಹತ್ತುವದಕ್ಕೆ ಮೆಟ್ಟಲು ಕಡಿದರೂ ಅದು ಬದುಕುವದು ಇದರಿಂದಲೇ.)

ಈ ದಾರಿಯನ್ನು ತೋರಿಸುವ ಉಪಾಯವು ತೋಟದ ಕೆಲಸ ಬಲ್ಲವರಿಗೆ ಹೊಸದೇನಲ್ಲ. ದಾಳಿಂಬೆಗೆ ಗೂಟಿ ಕಟ್ಟುವಾಗ ಕೊಂಬೆಯ ಸುತ್ತ ಒಂದು ಅಂಗುಲದಷ್ಟು ತೊಗಟೆಯನ್ನು ಬಳೆಯಂತೆ ಸುಲಿದು ಒದ್ದೆ ಪಾಚಿಯನ್ನು ಸುತ್ತುತ್ತಾರಷ್ಟೆ. ಎಲೆ ಬಾಡದು, ಕೆಲವು ವಾರಗಳಲ್ಲಿ ಗಾಯದ ಮೇಲಂಚಿನಿಂದ ಬೇರು ಇಳಿಯುವದು. ಕೆಳಗಂಚಿನಿಂದ ಯಾಕೆ ಇಲ್ಲವೆಂದು ಬಾಲಿಕೆಯೇ ಕೇಳಲಿ. ಇಟಲಿಯ ಮಾಲ್ಪೀಘಿ ಎಂಬ ಪಂಡಿತನು ಹದಿನೇಳನೆಯ ಶತಮಾನದಲ್ಲಿ ತೊಗಟೆಯನ್ನು ಹೀಗೆಯೇ ಸುಲಿದು, ಮೇಲ್ಗಡೆಯ ಊತವನ್ನು ಕಂಡನು.

ಪರೀಕ್ಷೆಗೆ ಬಾರದ ಕೆಲಸಕ್ಕೆ ಇಷ್ಟು ವಾರಗಳೇ ಎಂದು ತಂದೆತಾಯಿಗಳು ಕೇಳಬಹುದು. ಗೂಟಿಯನ್ನು ದಿನವೂ ಕಾಯಬೇಕಾಗಿಲ್ಲ, ಆಗಾಗ ನೋಡಿದರೆ ಸಾಕು. ಕ್ಯಾಥರಿನ್ ಎಸೌ ಎಂಬ ವಿದುಷಿಯು ಅಮೇರಿಕದಲ್ಲಿ ಬೀಟ್ ಗಡ್ಡೆಯ ರೋಗವೊಂದರ ಬೆನ್ನುಹತ್ತಿ ಈ ಫ್ಲೋಯಂ ಒಂದಕ್ಕಾಗಿಯೇ ದಶಕಗಳನ್ನು ಕೊಟ್ಟಳು. 1989ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಪದಕವು ಆಕೆಗೆ ದೊರೆಯಿತು. ನಾವು ಕೇಳುವದು ಒಂದು ಮಳೆಗಾಲ ಮಾತ್ರ. ಒಂಭತ್ತನೆಯ ತರಗತಿಯ ಪ್ರತಿಯೊಬ್ಬಳೂ ಮಳೆ ಹಿಡಿದ ಕೂಡಲೆ ಒಂದು ಗೂಟಿ ಕಟ್ಟಲಿ. ಚಾಕು, ಪಾಚಿಗಳನ್ನು ಶಾಲೆಯು ಒದಗಿಸಬಹುದು. ಕೊಂಬೆಯನ್ನು ಮನೆಯವರೇ ಕೊಡಬೇಕು.